ಆಜ್ಞೆಯೇ ನಾಯಕತ್ವವೆಂಬ ಭ್ರಮೆ

ಅಪ್ಪಣೆ ಕೊಡುವವನೇ ನಾಯಕನೆಂದೂ ಅದನ್ನು ಮರುಮಾತಿಲ್ಲದೆ ನೆರವೇರಿಸುವವನೇ ಉತ್ತಮ ಕೆಲಸಗಾರನೆಂದೂ ನಮ್ಮ ಕಚೇರಿ, ಕಾರ್ಖಾನೆ, ಸಹಕಾರ ಸಂಘಗಳಲ್ಲಿ ಒಂದು ನಂಬಿಕೆ ಬೇರೂರಿದೆ. ಪ್ರಶ್ನೆಗೆ ಎಡೆಗೊಟ್ಟರೆ ಶಿಸ್ತು ಕೆಡುವುದೆಂದೂ, ನಮ್ಮ ಹಿಂದಿನವರು ಒಬ್ಬನ ಮಾತಿಗೆ ಕಟ್ಟುಬಿದ್ದೇ ಬಾಳಿದರೆಂದೂ ವಾದಿಸುವವರುಂಟು. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದ ಕಡೆಗೆ ದೃಷ್ಟಿ ಹರಿಸಿದರೆ ಈ ವಾದ ನಿಲ್ಲದು.

ಲಂಬಾಣಿಗಳೆಂದೂ ಹೆಸರಾದ ಬಂಜಾರರು ಭಾಯಾಗಡವೆಂದು ಕರೆಯುವ ಈ ಕ್ಷೇತ್ರ, 1739ರ ಫೆಬ್ರವರಿ 15ರಂದು ಅವರ ಗುರು ಸಂತ ಸೇವಾಲಾಲರು ಜನಿಸಿದ ಸ್ಥಳವೆಂದು ಪೂಜ್ಯವಾಗಿದೆ. ಯಾವ ಮಾತನ್ನೇ ಆಗಲಿ ಮೊದಲು ಅರಿತು, ಬಳಿಕ ಶೋಧಿಸಿ, ಅನಂತರವೇ ಒಪ್ಪಬೇಕೆಂದು ಅವರು ಬೋಧಿಸಿದರೆಂಬುದು ಬಂಜಾರರ ವಸತಿಗಳಾದ ತಾಂಡಾಗಳಲ್ಲಿ ಇಂದಿಗೂ ನೆಲೆನಿಂತ ಸಂಪ್ರದಾಯ. ಅನುಯಾಯಿಗಳ ವಿವೇಚನೆಯನ್ನು ಎಚ್ಚರಿಸುವ ಗುರುವಿನ ಅಧಿಕಾರ ಅದರಿಂದ ಕುಗ್ಗಲಿಲ್ಲ. ಪ್ರತಿವರ್ಷ ಫೆಬ್ರವರಿಯಲ್ಲಿ ಮಾಲೆ ಧರಿಸಿ ಅಲ್ಲಿಗೆ ಬರುವ ಭಕ್ತಸಮೂಹವೇ ಇದಕ್ಕೆ ಸಾಕ್ಷಿ.

ತಾಂಡಾದ ಆಡಳಿತವೂ ಏಕವ್ಯಕ್ತಿಯದಾಗಿರಲಿಲ್ಲ. ಎತ್ತುಗಳ ಬೆನ್ನ ಮೇಲೆ ಉಪ್ಪನ್ನೂ ಧಾನ್ಯವನ್ನೂ ಹೇರಿಕೊಂಡು ದೇಶದಿಂದ ದೇಶಕ್ಕೆ ಸಾಗುತ್ತಿದ್ದ, ಲದೇಣಿಯೆಂಬ ಸಾಗಣೆ ವ್ಯಾಪಾರದ ಆ ಮಹಾಸಂಸಾರಕ್ಕೆ ನಾಯಕನಿದ್ದ, ಆಲೋಚನೆ ಹೇಳಲು ಡಾವೊ ಇದ್ದ, ಕಾರ್ಯ ನಡೆಸಲು ಕಾರಭಾರಿ ಇದ್ದ. ವ್ಯಾಜ್ಯ ಬಂದರೆ ನಸಾಬೆಂಬ ಪಂಚಾಯಿತಿಯಲ್ಲಿ ಹಿರಿಯರು ಕೂಡಿ ಕುಳಿತು ಇತ್ಯರ್ಥಗೊಳಿಸುತ್ತಿದ್ದರು. ಮೂರನೆಯ ಮೈಸೂರು ಯುದ್ಧದಲ್ಲಿ ಬ್ರಿಟಿಷ್ ಸೇನಾನಿ ಕಾರ್ನ್‌ವಾಲೀಸನ ಸೇನೆಗೂ ಧಾನ್ಯ ಒದಗಿಸಿದ ಈ ವ್ಯವಸ್ಥೆಯನ್ನು ಕೇವಲ ಅಲೆಮಾರಿತನವೆನ್ನುವುದು ಅನ್ಯಾಯ. ಆದರೂ ನಾಯಕಪದವಿ ಹೆಚ್ಚಾಗಿ ವಂಶಪಾರಂಪರ್ಯವಾಗಿಯೇ ಬಂದಿತು, ಆ ಸ್ಥಾನಗಳೆಲ್ಲ ಬಹುಮಟ್ಟಿಗೆ ಪುರುಷರವೇ ಆಗಿದ್ದುವು. ಇದನ್ನು ಮರೆಮಾಚಿ ಹೊಗಳುವುದು ಸಲ್ಲದು. ನಾವು ಕಲಿಯಬೇಕಾದುದು ಆಲೋಚನೆ ಹೇಳುವವನಿಗೆ ಅವರು ಕೊಟ್ಟ ಸ್ಥಾನವನ್ನು. ಇಂದಿನ ಸಂಸ್ಥೆಗಳಲ್ಲಿ ನಿರ್ಧರಿಸುವವರೂ ನಡೆಸುವವರೂ ಉಂಟು. ಮೇಲಧಿಕಾರಿಗೆ 'ಇದು ತಪ್ಪು' ಎಂದು ನಿರ್ಭಯವಾಗಿ ಹೇಳಬಲ್ಲ ಡಾವೊ ಮಾತ್ರ ಕಾಣುವುದಿಲ್ಲ. ನಿರ್ಣಯಕ್ಕೆ ಮುನ್ನ, ಅದರ ಭಾರ ಹೊರುವ ಕಿರಿಯ ನೌಕರನನ್ನು ಮೊದಲು ಮಾತನಾಡಿಸಿ ಹಿರಿಯನು ಕಡೆಯಲ್ಲಿ ಮಾತನಾಡುವ ಒಂದೇ ಪದ್ಧತಿಯಿಂದ ಎಷ್ಟೋ ಅನರ್ಥಗಳು ತಪ್ಪುವುವು.

ಸಂಪ್ರದಾಯಸ್ಥರು ಬದಲಾಗಲೊಲ್ಲರು, ಹೊಸತನ ನಗರದವರ ಸೊತ್ತು ಎಂಬುದು ಮತ್ತೊಂದು ಭ್ರಮೆ. ಲದೇಣಿ ಅಳಿದುದು ಬಂಜಾರರ ಜಡತೆಯಿಂದಲ್ಲ: ಹತ್ತೊಂಬತ್ತನೆಯ ಶತಮಾನದಲ್ಲಿ ರೈಲುಮಾರ್ಗ ಅವರ ಸರಕನ್ನು ಕಸಿದುಕೊಂಡಿತು, 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಆಡಳಿತ ಅಂಥ ಸಂಚಾರಿ ಸಮುದಾಯಗಳ ಮೇಲೆ ಕಳಂಕ ಹೊರಿಸಿತು. ಇಷ್ಟಾದರೂ ಅವರು ಬೇಸಾಯಕ್ಕೂ ಕೂಲಿಗೂ ಹೊರಳಿ ಬದುಕಿದರು. ಸಂಡೂರಿನ ಲಂಬಾಣಿ ಸ್ತ್ರೀಯರ ಕಸೂತಿಯಂತೂ ಮೈಮೇಲಿನ ಉಡುಪಿನಿಂದ ಚೀಲ, ದಿಂಬುಗಳಿಗೆ ಹರಡಿ, ಭೌಗೋಳಿಕ ಗುರುತಿನ ಮಾನ್ಯತೆಯನ್ನೂ ಪಡೆಯಿತು. 2023ರ ಜುಲೈಯಲ್ಲಿ ಹಂಪಿಯ ಜಿ-20 ಸಭೆಯ ಸಂದರ್ಭದಲ್ಲಿ ಅವರ 1,755 ಕೃತಿಗಳ ಪ್ರದರ್ಶನ ಗಿನ್ನೆಸ್ ದಾಖಲೆಯನ್ನೇ ಸೇರಿತು. ಕೈಗಳು ಹಳೆಯವು, ಮಾರುಕಟ್ಟೆ ಹೊಸತು. ನಡುವೆ ತರಬೇತಿಯನ್ನೂ ನ್ಯಾಯವಾದ ಕೂಲಿಯನ್ನೂ ಒದಗಿಸುವುದೇ ನಾಯಕನ ಕಾರ್ಯ. ಹೊಸ ಯಂತ್ರ ಕೊಂಡೊಡನೆ ಭವಿಷ್ಯಕ್ಕೆ ಸಿದ್ಧರಾದೆವೆಂದು ತಿಳಿಯುವವರು ಆ ನಡುವಣ ಕೆಲಸವನ್ನು ಮರೆಯುತ್ತಾರೆ.

ಹೊನ್ನಾಳಿ, ಚನ್ನಗಿರಿ, ಜಗಳೂರುಗಳ ಸಂಘಸಂಸ್ಥೆಗಳನ್ನು ನಡೆಸುವ ಹಿರಿಯರಲ್ಲಿ ನನ್ನ ಬಿನ್ನಹವಿಷ್ಟೆ: ಮುಂದಿನ ಸಭೆಯಲ್ಲಿ ಅಪ್ಪಣೆಯನ್ನು ಓದುವ ಮೊದಲು, ಕಡೆಯ ಸಾಲಿನಲ್ಲಿ ಕುಳಿತವರನ್ನು ಕೇಳಿರಿ, ಅವರ ಉತ್ತರವನ್ನು ನಡವಳಿಯ ಪುಸ್ತಕದಲ್ಲಿ ಬರೆಯಿಸಿರಿ.