ಅಟ್ಟದಿಂದ ಇಳಿದ ಬೂಟು

ಜುಲೈ ಕೊನೆಯ ವಾರ ಬಂತೆಂದರೆ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಕೆಲವು ಮನೆಗಳಲ್ಲಿ ಅಟ್ಟಕ್ಕೆ ಏಣಿ ಇಡುವ ಕೆಲಸ ಶುರುವಾಗುತ್ತದೆ. ಸ್ವಾತಂತ್ರ್ಯ ದಿನದ ಕವಾಯತಿಗೆ ಇನ್ನು ಹದಿನೈದೇ ದಿನ. ಮಗನೋ ಮಗಳೋ ಎನ್‌ಸಿಸಿ ಸೇರಿದ್ದಾರೆ. ಅಣ್ಣ ಹಾಕಿಬಿಟ್ಟ, ಇಲ್ಲವೇ ಸೇನೆಯಿಂದ ನಿವೃತ್ತರಾದ ಚಿಕ್ಕಪ್ಪ ತಂದಿಟ್ಟ ಕಪ್ಪು ಬೂಟಿನ ಜೋಡಿಯೊಂದು ಅಲ್ಲೆಲ್ಲೋ ಇದೆ ಎಂಬ ನೆನಪು. ಗೋಣಿಚೀಲ ಬಿಚ್ಚಿ ನೋಡಿದರೆ ಬೂಟು ಬೂದುಬಣ್ಣಕ್ಕೆ ತಿರುಗಿ, ಮೈತುಂಬ ಬೂಷ್ಟು ಹೊದ್ದು, ಹಲಸಿನ ಹಪ್ಪಳದ ಹಾಗೆ ಸೆಟೆದು ಕೂತಿದೆ. ಮಕ್ಕಳು ಮೂಗು ಮುಚ್ಚಿಕೊಂಡು "ಹೊಸತು ತೆಗೆಸಿಕೊಡಿ" ಎನ್ನುತ್ತಾರೆ. ತಂದೆ ಸುಮ್ಮನೆ ಬೂಟನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ.

ಆ ನೋಟಕ್ಕೆ ಅರ್ಥವಿದೆ. ನಮ್ಮ ಊರಿನಲ್ಲಿ ಬೂಟು ನಡೆದು ಸವೆಯುವುದಕ್ಕಿಂತ ಸುಮ್ಮನೆ ಕೂತು ಕೆಡುವುದೇ ಹೆಚ್ಚು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಒಗೆದ ಅಂಗಿ ಮೂರು ದಿನವಾದರೂ ಒಣಗದ ಕಾಲದಲ್ಲಿ ಚೀಲದೊಳಗೆ ಕಟ್ಟಿಟ್ಟ ಚರ್ಮದ ಗತಿ ಏನು? ಆದರೆ ಹೀಗೆ ಕೆಟ್ಟಂತೆ ಕಾಣುವ ಬೂಟುಗಳಲ್ಲಿ ಬಹಳಷ್ಟು ನಿಜಕ್ಕೂ ಕೆಟ್ಟಿರುವುದಿಲ್ಲ.

ಮೊದಲು ನೋಡಬೇಕಾದದ್ದು ಮೇಲಿನ ಚರ್ಮವನ್ನಲ್ಲ, ಅಡಿಯನ್ನು. ಹಳೆಯ ಬೂಟುಗಳಲ್ಲಿ ಅಡಿಯನ್ನು ದಾರದಿಂದ ಹೊಲಿದಿರುತ್ತಾರೆ. ಅಂಚಿನ ಸುತ್ತ ಹೊಲಿಗೆ ಕಂಡರೆ ಸಂತೋಷಪಡಿ. ಅಡಿ ಸವೆದರೂ ಬಿಚ್ಚಿ ಹೊಸದು ಹಾಕಬಹುದು. 'ಡಿಎಂಎಸ್' ಎಂದು ಕರೆಯುವ ಬೂಟಿನಲ್ಲಿ ಅಡಿಯನ್ನು ಅಚ್ಚಿನಲ್ಲಿಟ್ಟು ನೇರವಾಗಿ ಮೇಲಿನ ಚರ್ಮಕ್ಕೇ ಕೂಡಿಸಿರುತ್ತಾರೆ. ಗಟ್ಟಿ ಏನೋ ಹೌದು, ಆದರೆ ಅಡಿ ಹೋದರೆ ಬದಲಿಸುವುದು ಕಷ್ಟ. ಇನ್ನು ಪಾಲಿಯುರೆಥೇನ್ ಎಂಬ ಹಗುರ ವಸ್ತುವಿನ ಅಡಿಯಿದ್ದರೆ ಎಚ್ಚರ ಬೇಕು. ಗಾಳಿಯ ತೇವ ಅದರೊಡನೆ ಕ್ರಿಯೆ ನಡೆಸಿ ಒಳಗಿಂದೊಳಗೇ ಅದನ್ನು ಒಡೆಯುತ್ತದೆ. ಒಮ್ಮೆಯೂ ಹಾಕದೆ ಪೆಟ್ಟಿಗೆಯಲ್ಲಿಟ್ಟ ಬೂಟು ಕೂಡ ಕೆಲವು ವರ್ಷಗಳ ಮೇಲೆ ಹೊರಗೆ ತೆಗೆದ ದಿನವೇ ಬೆಲ್ಲದಚ್ಚಿನಂತೆ ಪುಡಿಯಾದೀತು. ಹೆಬ್ಬೆರಳಿನಿಂದ ಅಡಿಯನ್ನು ಬಲವಾಗಿ ಒತ್ತಿ, ಬೂಟನ್ನು ಬಗ್ಗಿಸಿ ನೋಡಿ. ಜಿಗುಟಾದರೆ, ಬಿರಿದರೆ, ಚೂರು ಉದುರಿದರೆ ಆ ಜೋಡಿಯ ಮೇಲೆ ಪಾಲಿಶ್ ದಂಡ ಮಾಡಬೇಡಿ. ಹಾಗೆಯೇ ಸಿಪ್ಪೆಯಂತೆ ಏಳುತ್ತಿರುವ ರೆಕ್ಸಿನ್‌ಗೆ ಮದ್ದಿಲ್ಲ. ನಿಜ ಚರ್ಮವಾದರೆ ಮಾತ್ರ ಮುಂದಿನ ಮಾತು.

ಬಿಳಿಯಲ್ಲೂ ಮೂರು ಬಗೆ

ಚರ್ಮದ ಮೇಲಿನ ಬಿಳುಪೆಲ್ಲ ಬೂಷ್ಟಲ್ಲ. ಹತ್ತಿಯಂತೆ ಮೆತ್ತಗಿದ್ದು, ಒರೆಸಿದರೆ ಹೋಗುವ, ಮುಗ್ಗಲು ವಾಸನೆಯದು ಬೂಷ್ಟು. ಕೈಗೆ ಒರಟಾಗಿ ತಾಗುವ, ಒರೆಸಿದರೂ ಒಣಗಿದ ಮೇಲೆ ಮತ್ತೆ ಗೆರೆಯಾಗಿ ಮೂಡುವುದು ಉಪ್ಪು. ತ್ರಾಸಿ, ಮರವಂತೆಯ ಕಡೆಯಿಂದ ಬರುವ ಮಕ್ಕಳ ಬೂಟಿನಲ್ಲಿ ಇದು ಸಾಮಾನ್ಯ. ಒಂದು ಬದಿ ಸೌಪರ್ಣಿಕಾ, ಇನ್ನೊಂದು ಬದಿ ಕಡಲು ಇರುವ ದಾರಿಯಲ್ಲಿ ನಡೆದರೆ ಉಪ್ಪು ತಾನಾಗಿಯೇ ಬರುತ್ತದೆ. ಮೂರನೆಯದು ಚರ್ಮದೊಳಗಿನ ಜಿಡ್ಡೇ ಮೇಲೆದ್ದು ಕಟ್ಟುವ ತೆಳು ಪೊರೆ. ಬೆರಳಿನಿಂದ ಉಜ್ಜಿ ಬಿಸಿ ಮಾಡಿದರೆ ಕರಗಿಹೋಗುತ್ತದೆ. ಇದು ರೋಗವಲ್ಲ, ಹೆದರಬೇಕಾಗಿಲ್ಲ.

ಬೂಷ್ಟನ್ನು ಜಗಲಿಯ ಹೊರಗೇ ಒಣ ಬ್ರಷ್‌ನಿಂದ ಉದುರಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು. ಒಳಗೆ ಮಾಡಿದರೆ ಅದರ ಪುಡಿ ಉಳಿದ ಚಪ್ಪಲಿಗಳಿಗೂ ಹಬ್ಬುತ್ತದೆ. ಲೇಸು ಬಿಚ್ಚಿ ಬೇರೆ ತೊಳೆಯಿರಿ. ಬಿಳಿ ವಿನೆಗರ್‌ಗೆ ಸಮ ನೀರು ಬೆರೆಸಿ, ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ, ಒಳಗೂ ಹೊರಗೂ ಒರೆಸಿ. ಉಪ್ಪಿಗೂ ಇದೇ ಉಪಾಯ. ಆಮೇಲೆ ಬರಿಯ ನೀರಿನ ಬಟ್ಟೆಯಿಂದ ಇನ್ನೊಮ್ಮೆ. ನಲ್ಲಿಯ ಕೆಳಗೆ ಹಿಡಿಯುವುದು, ಬಟ್ಟೆ ಸೋಪಿನಲ್ಲಿ ತಿಕ್ಕುವುದು ಬೇಡ.

ಇನ್ನು ಒಣಗಿಸುವುದು. ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ ಇದೆ. ಕಾಲೇಜಿನಲ್ಲಿದ್ದಾಗ ಕವಾಯತಿನ ಹಿಂದಿನ ರಾತ್ರಿ ಒದ್ದೆ ಬೂಟನ್ನು ಬಚ್ಚಲೊಲೆಯ ಪಕ್ಕ ಬೋರಲು ಹಾಕಿ ಮಲಗಿದೆ. ಬೆಳಿಗ್ಗೆ ಬೂಟು ಒಣಗಿತ್ತು, ಒಂದು ಸೈಜ್ ಚಿಕ್ಕದೂ ಆಗಿತ್ತು. ಬೆರಳು ಮಡಚುವ ಜಾಗದಲ್ಲಿ ಉದ್ದಕ್ಕೆ ಬಿರುಕು. 'ದಾಹಿನೇ ದೇಖ್' ಎನ್ನುವ ಹೊತ್ತಿಗೆ ಬಲ ಬೂಟಿನ ಅಡಿ ಬಾಯಿಬಿಟ್ಟು ಚಟ್ ಚಟ್ ಎಂದು ತಾಳ ಹಾಕತೊಡಗಿತು. ನಗುವುದಕ್ಕೆ ಇಷ್ಟೇ ಆದರೆ ಸಾಕಿತ್ತು. ಆದರೆ ಬೂಟು ನನ್ನದಲ್ಲ. ಸೀನಿಯರ್ ಒಬ್ಬರು ಕೊಟ್ಟದ್ದು, ನನ್ನ ಸರದಿ ಮುಗಿದ ಮೇಲೆ ನಮ್ಮೂರಿನ ಇನ್ನೊಬ್ಬ ಹುಡುಗನಿಗೆ ಹೋಗಬೇಕಾದದ್ದು. ಮರುವರ್ಷ ಅವನು ಕ್ಯಾನ್ವಾಸ್ ಶೂ ಹಾಕಿಕೊಂಡು ಹಿಂದಿನ ಸಾಲಿನಲ್ಲಿ ನಿಂತ. ನನಗೆ ಒಂದು ಮಾತೂ ಅನ್ನಲಿಲ್ಲ.

ಚರ್ಮ ಎಂದರೆ ಹೆಣೆದುಕೊಂಡ ನಾರುಗಳ ರಾಶಿ. ಒದ್ದೆಯಾಗಿರುವಾಗ ಅದಕ್ಕೆ ಜೋರು ಬಿಸಿ ತಾಗಿದರೆ ನಾರು ಕುಗ್ಗುತ್ತದೆ, ಮತ್ತೆ ಹಿಗ್ಗುವುದಿಲ್ಲ. ಆದ್ದರಿಂದ ಒಲೆ, ಇಸ್ತ್ರಿಪೆಟ್ಟಿಗೆ, ಮಧ್ಯಾಹ್ನದ ಬಿಸಿಲು ಮೂರೂ ವರ್ಜ್ಯ. ಹಳೆಯ ಪತ್ರಿಕೆಯನ್ನು ಮುದ್ದೆ ಮಾಡಿ ಒಳಗೆ ತುಂಬಿ, ಫ್ಯಾನಿನ ಗಾಳಿಯಲ್ಲಿಡಿ. ಕೆಲವು ಗಂಟೆಗಳಿಗೊಮ್ಮೆ ಕಾಗದ ಬದಲಿಸಿ. ಒಂದೆರಡು ದಿನ ಹಿಡಿದೀತು. ಈ ಪುರವಣಿಯನ್ನು ಓದಿಯಾದ ಮೇಲೆ ಇದಕ್ಕೆ ಬಳಸಿದರೆ ನಮ್ಮದೇನೂ ಅಭ್ಯಂತರವಿಲ್ಲ.

ತೆಂಗಿನೆಣ್ಣೆಯ ಮೋಹ

ಸೆಟೆದ ಚರ್ಮಕ್ಕೆ ಜಿಡ್ಡು ಬೇಕು. ಹದಮಾಡುವಾಗ ಸೇರಿಸಿದ ಕೊಬ್ಬು ವರ್ಷಗಳಲ್ಲಿ ಆರಿಹೋಗಿರುತ್ತದೆ. ನಮ್ಮಲ್ಲಿ ತಲೆಗೂ ತೆಂಗಿನೆಣ್ಣೆ, ಬಾಗಿಲ ತಿರುಗಣಿಗೂ ತೆಂಗಿನೆಣ್ಣೆ, ಬೂಟಿಗೂ ಸುರಿಯುವವರಿದ್ದಾರೆ. ಚರ್ಮ ಮೆತ್ತಗಾಗುವುದು ನಿಜ. ಆದರೆ ಹೆಚ್ಚಾದರೆ ಹೊಲಿಗೆಯ ಜಾಗ ಸಡಿಲಾಗಿ, ಮೇಲೆ ಪಾಲಿಶ್ ಹಿಡಿಯದು. ಚರ್ಮಕ್ಕೆಂದೇ ಸಿಗುವ ಕ್ರೀಮನ್ನು ಬೆರಳ ತುದಿಯಷ್ಟು ತೆಗೆದು, ತೆಳ್ಳಗೆ ಸವರಿ, ರಾತ್ರಿಯಿಡೀ ಬಿಡಿ. ಬೇಕಾದರೆ ಮರುದಿನ ಇನ್ನೊಮ್ಮೆ. ಆಳವಾದ ಬಿರುಕು ಮಾತ್ರ ಯಾವ ಕ್ರೀಮಿಗೂ ಕೂಡಿಕೊಳ್ಳುವುದಿಲ್ಲ.

ಚರ್ಮದ ಹದದ ಕಥೆ ದೊಡ್ಡದು. ಇಂದು ಬೂಟಿನ ಮೇಲ್ಭಾಗದ ಚರ್ಮವನ್ನು ಹೆಚ್ಚಾಗಿ ಕ್ರೋಮಿಯಂ ಲವಣದಿಂದ ಹದಮಾಡುತ್ತಾರೆ. ಹಿಂದೆ ದಕ್ಷಿಣ ಭಾರತದಲ್ಲಿ ತಂಗಡಿ ಗಿಡದ ತೊಗಟೆಯೇ ಮುಖ್ಯ ಸಾಧನ. ಮೊದಲ ಮಹಾಯುದ್ಧದ ಕಾಲದಲ್ಲಿ, ಅಂದರೆ 1914ರಿಂದ 1918ರವರೆಗೆ, ಮದರಾಸು ಪ್ರಾಂತ್ಯದಲ್ಲಿ ಹೀಗೆ ಹದವಾದ ಚರ್ಮ ಬ್ರಿಟಿಷ್ ಸೈನಿಕರ ಬೂಟಾಯಿತು. ಕುಂದಾಪುರವೂ ಆಗ ಅದೇ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಮದರಾಸಿನಲ್ಲಿ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಹುಟ್ಟಿತು. ಎನ್‌ಸಿಸಿ ಹುಟ್ಟಿದ್ದೂ ಅದೇ ವರ್ಷ.

ಬೂಟು ಸಿದ್ಧವಾದ ಮೇಲೆ ಪಾಲಿಶ್. ಡಬ್ಬಿಯ ಪಾಲಿಶ್ ಎಂದರೆ ಮೇಣ, ಟರ್ಪೆಂಟೈನ್‌ನಂಥ ದ್ರಾವಕ ಮತ್ತು ಬಣ್ಣ. ಒಳ್ಳೆಯ ಪಾಲಿಶಿನಲ್ಲಿ ಬ್ರೆಜಿಲ್ ದೇಶದ ತಾಳೆಯ ಎಲೆಯಿಂದ ಬರುವ ಕಾರ್ನೌಬಾ ಮೇಣವಿರುತ್ತದೆ. ಜೇನುಮೇಣ ಸುಮಾರು 63 ಡಿಗ್ರಿಗೆ ಕರಗಿದರೆ ಇದಕ್ಕೆ 80 ಡಿಗ್ರಿ ದಾಟಬೇಕು. ಆ ಗಟ್ಟಿತನದಿಂದಲೇ ಹೊಳಪು. ತೆಳ್ಳಗೆ ಹಚ್ಚಿ, ಹತ್ತು ಹದಿನೈದು ನಿಮಿಷ ಬಿಟ್ಟು, ಕುದುರೆಗೂದಲಿನ ಬ್ರಷ್‌ನಿಂದ ಉಜ್ಜಿ. ದಪ್ಪಗೆ ಮೆತ್ತಿ ಒಮ್ಮೆ ಉಜ್ಜುವುದಕ್ಕಿಂತ ತೆಳ್ಳಗೆ ನಾಲ್ಕು ಸಲ ಹಚ್ಚುವುದು ಮೇಲು.

ಕನ್ನಡಿಯಂಥ ಹೊಳಪು ಬೇಕೆನ್ನುವವರು ಹಳೆಯ ಹತ್ತಿ ಬನಿಯನ್ನಿನ ತುಂಡನ್ನು ಎರಡು ಬೆರಳಿಗೆ ಬಿಗಿದು ಸುತ್ತಿ, ಚೂರು ಪಾಲಿಶ್, ಒಂದು ಹನಿ ನೀರು ಸೇರಿಸಿ, ಸಣ್ಣ ಸುತ್ತುಗಳಲ್ಲಿ ಉಜ್ಜಬೇಕು. ಚರ್ಮದ ಸಣ್ಣ ಕುಳಿಗಳನ್ನು ಮೇಣ ತುಂಬಿ ಮೇಲ್ಮೈ ಸಮವಾಗುತ್ತಾ ಬಂದಂತೆ ಬೆಳಕು ಚೆದುರದೆ ನೇರ ಹಿಂತಿರುಗುತ್ತದೆ. ಗುಟ್ಟು ಅಷ್ಟೇ, ಆದರೆ ಒಂದು ಸಂಜೆ ಬೇಕು. ಇದನ್ನು ತುದಿಗೂ ಹಿಮ್ಮಡಿಗೂ ಮಾತ್ರ ಮಾಡಿ. ಮಡಚುವ ಜಾಗದಲ್ಲಿ ಗಟ್ಟಿ ಮೇಣ ಮೊದಲ ಹೆಜ್ಜೆಗೇ ಒಡೆಯುತ್ತದೆ. ಕೆಲವು ಹುಡುಗರು ಡಬ್ಬಿಗೆ ಬೆಂಕಿ ತೋರಿಸಿ ಪಾಲಿಶ್ ಕರಗಿಸುತ್ತಾರೆ. ದ್ರಾವಕ ಹೊತ್ತಿಕೊಂಡರೆ ಕೈ, ಮುಖ ಸುಡುತ್ತದೆ. ತಂದೆತಾಯಿ ಗಮನಿಸಬೇಕು. ಸ್ಪಂಜಿನ ಬಾಟಲಿಯ ದಿಢೀರ್ ಹೊಳಪನ್ನು ನಾನಂತೂ ಮೆಚ್ಚೆ. ಅದು ಬಣ್ಣ ಬಳಿದ ಹಾಗೆ, ನಾಲ್ಕು ದಿನಕ್ಕೆ ಬಿರಿಯುತ್ತದೆ.

ಅಡಿಯ ಹೊಲಿಗೆ, ಹಿಮ್ಮಡಿ, ಕಿತ್ತುಹೋದ ಕಣ್ಣು — ಇವು ಮನೆಯ ಕೆಲಸವಲ್ಲ. ಪೇಟೆಯ ಬಸ್‌ನಿಲ್ದಾಣದ ಬಳಿ ಕೊಡೆಯ ಕೆಳಗೆ ಕೂತ ಚಮ್ಮಾರರು ಬಲ್ಲ ಕೆಲಸ. ಮಗುವನ್ನೂ ಜೊತೆಗೆ ಕರೆದೊಯ್ಯಿರಿ, ನಿಂತು ನೋಡಲಿ. ಚರ್ಮ ಮುಟ್ಟಿದರೆ ಕೈ ತೊಳೆಯಬೇಕೆನ್ನುವ, ಮುಟ್ಟುವವರನ್ನೇ ದೂರವಿಟ್ಟ ಮನೆಗಳಿಂದಲೂ ಎನ್‌ಸಿಸಿಗೆ ಮಕ್ಕಳು ಬರುತ್ತಾರೆ. ಅಲ್ಲಿ ಯಾರ ಬೂಟನ್ನು ಅವರವರೇ ಉಜ್ಜಬೇಕು. ನನಗೆ ಆ ಪದ್ಧತಿಯ ಮೇಲೆ ಬಹಳ ಗೌರವ.

ಇನ್ನೊಬ್ಬರು ಹಾಕಿದ ಬೂಟಿಗೆ ಅವರ ಪಾದದ ಆಕಾರವೇ ಬಂದಿರುತ್ತದೆ. ಒಳಗಿನ ಅಟ್ಟೆಯನ್ನು ಹೊಸದು ಹಾಕಿಸಿ. ದಪ್ಪ ಕಾಲುಚೀಲ ಹಾಕಿಕೊಂಡು, ಸಂಜೆಯ ಹೊತ್ತು, ಕಾಲು ತುಸು ಊದಿರುವಾಗ ಅಳತೆ ನೋಡಿ. ಬೆರಳು ಒತ್ತಿದರೆ ಎಷ್ಟು ಹೊಳೆದರೂ ಆ ಜೋಡಿ ಬೇಡ. ತಂಗಿಗೋ ಪಕ್ಕದ ಮನೆಯವನಿಗೋ ಸರಿಹೋದೀತು. ಸರಿಹೋದರೆ ಕವಾಯತಿಗೆ ಮೊದಲು ಒಂದು ವಾರ ಮನೆಯಲ್ಲೇ ದಿನಕ್ಕೆ ಅರ್ಧ ಗಂಟೆ ಹಾಕಿ ನಡೆಯಲಿ.

ಆಗಸ್ಟ್ 15ರಂದು ಕುಂದಾಪುರದ ಗಾಂಧಿ ಮೈದಾನದಲ್ಲಿ ಮಳೆ ಹೊಯ್ದರೂ ಹೊಯ್ಯಬಹುದು. ನಾಲ್ಕು ಸಂಜೆಯ ಹೊಳಪಿನ ಮೇಲೆ ಕೆಂಪು ನೀರು ಹರಿದೀತು. ಮನೆಗೆ ಬಂದವರೇ ಬೂಟನ್ನು ಮೂಲೆಗೆ ಎಸೆಯದೆ ಮಣ್ಣು ಒರೆಸಿ, ಕಾಗದ ತುಂಬಿ ಗಾಳಿಗಿಡಿ. ಪೂರ್ತಿ ಒಣಗಿದ ಮೇಲೆ ತೆಳ್ಳಗೆ ಪಾಲಿಶ್ ಹಚ್ಚಿ, ಹಳೆಯ ಹತ್ತಿಬಟ್ಟೆ ಸುತ್ತಿ, ಗಾಳಿಯಾಡುವ ಕಪಾಟಿನಲ್ಲಿಡಿ. ಪ್ಲಾಸ್ಟಿಕ್ ಚೀಲ ಬೇಡ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಹೊರಗೆ ತೆಗೆದು ನೋಡಿ. ನಾಲಿಗೆಯ ಒಳಬದಿಯಲ್ಲಿ ಹೆಸರು ಬರೆಯುವಾಗ ಸ್ವಲ್ಪ ಚಿಕ್ಕದಾಗಿ ಬರೆಯಿರಿ. ಕೆಳಗೆ ಇನ್ನೊಂದು ಹೆಸರಿಗೆ ಜಾಗ ಉಳಿಯಲಿ.