ಚಂಡಮಾರುತಕ್ಕೆ ಮುಂಚೆ ಮನೆಯಲ್ಲೊಂದು ಚೀಲ: ಬಿಪಿ, ಶುಗರ್, ಹೃದಯದ ಕಾಯಿಲೆ ಇರುವ ಮನೆಗಳಿಗೆ

ಊರು ಬಿಟ್ಟು ಬಂದು ಕೋಲ್ಕತ್ತದಲ್ಲಿ ಮನೆ ಮಾಡಿಕೊಂಡಿರುವ ನಮ್ಮ ಕನ್ನಡದ ಕುಟುಂಬಗಳಿಗಾಗಿ ಈ ಸಲದ ಬರಹ. ಹೃದಯದ ಡಾಕ್ಟರಿಗೂ ಚಂಡಮಾರುತಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಮೊದಲು ಒಬ್ಬರ ಕಥೆ ಹೇಳುತ್ತೇನೆ. ಅವರ ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

2020ರ ಮೇ 20. ಅಂಫಾನ್ ಬಂದ ದಿನ. ಆಗ ಇಲ್ಲಿದ್ದವರಿಗೆ ನೆನಪಿರುತ್ತದೆ. ದಮ್‌ದಮ್‌ನಲ್ಲಿ ಗಾಳಿ ಗಂಟೆಗೆ 130 ಕಿಲೋಮೀಟರ್ ದಾಟಿತ್ತು. ಬೆಳಗಾದಾಗ ನಗರದಲ್ಲಿ ಸಾವಿರಾರು ಮರಗಳು ರಸ್ತೆಗೆ ಬಿದ್ದಿದ್ದವು. ಮೊದಲೇ ಕೊರೋನಾ ಲಾಕ್‌ಡೌನ್. ಕೆಲವು ಬಡಾವಣೆಗಳಲ್ಲಿ ನಾಲ್ಕೈದು ದಿನ ಕರೆಂಟ್ ಇಲ್ಲ, ಕರೆಂಟ್ ಇಲ್ಲದ್ದಕ್ಕೆ ಪಂಪಿಲ್ಲ, ಪಂಪಿಲ್ಲದ್ದಕ್ಕೆ ನೀರಿಲ್ಲ. ಫೋನೂ ಸರಿಯಾಗಿ ಸಿಗುತ್ತಿರಲಿಲ್ಲ.

ನಗರದ ದಕ್ಷಿಣ ಭಾಗದ ಒಂದು ಫ್ಲ್ಯಾಟಿನಲ್ಲಿ ಮಗನ ಮನೆಗೆ ಬಂದಿದ್ದ ತುಮಕೂರು ಕಡೆಯ ಹಿರಿಯರೊಬ್ಬರಿದ್ದರು. ಎರಡು ತಿಂಗಳ ಹಿಂದಷ್ಟೇ ಅವರಿಗೆ ಸ್ಟೆಂಟ್ ಹಾಕಿತ್ತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ 19ನೇ ತಾರೀಕು ರಾತ್ರಿಗೆ ಮುಗಿಯಿತು. ‘ನಾಳೆ ತಂದರಾಯಿತು’ ಎಂದು ಮಗ ಅಂದುಕೊಂಡರು. ನಾಳೆ ಅಂಗಡಿ ಇರಲಿಲ್ಲ, ನಾಡಿದ್ದು ರಸ್ತೆಯೇ ಇರಲಿಲ್ಲ. ನಾಲ್ಕು ದಿನ ಮಾತ್ರೆ ತಪ್ಪಿತು. ಐದನೆಯ ದಿನ ಬೆಳಗಿನ ಜಾವ ಎದೆನೋವು. ಆಂಬುಲೆನ್ಸ್ ಗಲ್ಲಿಯೊಳಗೆ ಬರಲಾಗಲಿಲ್ಲ. ಪಕ್ಕದ ಮನೆಯ ಹುಡುಗರು ಕುರ್ಚಿಯಲ್ಲಿ ಕೂರಿಸಿ, ಮರಗಳನ್ನು ದಾಟಿಸಿ, ದೊಡ್ಡ ರಸ್ತೆಗೆ ಹೊತ್ತು ತಂದರು. ನಮ್ಮ ಕೈಗೆ ಬರುವಾಗ ಮೂರೂವರೆ ಗಂಟೆ ಕಳೆದಿತ್ತು. ಸ್ಟೆಂಟ್ ಪೂರ್ತಿ ಮುಚ್ಚಿತ್ತು. ಬದುಕಿದರು. ಆದರೆ ಹೃದಯದ ಶಕ್ತಿ ಅರ್ಧಕ್ಕೆ ಇಳಿಯಿತು. ಈಗ ಅರ್ಧ ಬೀದಿ ನಡೆದರೆ ನಿಂತು ಉಸಿರು ತೆಗೆದುಕೊಳ್ಳಬೇಕು.

ಅವರ ಮನೆಯಲ್ಲಿ ಟಾರ್ಚ್ ಇತ್ತು, ಮೇಣದಬತ್ತಿ ಇತ್ತು, ಮೂರು ಪ್ಯಾಕೆಟ್ ಬಿಸ್ಕತ್ತೂ ಇತ್ತು. ಒಂದು ಸ್ಟ್ರಿಪ್ ಮಾತ್ರೆ ಇರಲಿಲ್ಲ. ಚಂಡಮಾರುತಕ್ಕೆ ಸಿದ್ಧರಾಗಿ ಎಂದರೆ ನಾವೆಲ್ಲ ಟಾರ್ಚನ್ನೇ ಹುಡುಕುತ್ತೇವೆ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಅದೇ ರಾತ್ರಿ ನನ್ನ ಮನೆಯ ಫ್ರಿಜ್ಜಿನಲ್ಲಿ ಅಮ್ಮನ ಇನ್ಸುಲಿನ್ ಬೆಚ್ಚಗಾಗುತ್ತಾ ಕೂತಿತ್ತು.

ಹಾಗಾಗಿ ಚೀಲಕ್ಕೆ ಮೊದಲು ಹೋಗಬೇಕಾದ್ದು ಔಷಧಿ. ದಿನವೂ ನುಂಗುವ ಪ್ರತಿಯೊಂದು ಮಾತ್ರೆಯೂ ಹದಿನೈದು ದಿನಕ್ಕೆ ಆಗುವಷ್ಟು ಹೆಚ್ಚುವರಿ ಇರಲಿ. ಇದನ್ನು ಬೇರೆ ಎತ್ತಿಟ್ಟು ಮರೆತುಬಿಟ್ಟರೆ ಅವಧಿ ಮೀರುತ್ತದೆ. ಪ್ರತಿ ತಿಂಗಳು ಹೊಸ ಸ್ಟ್ರಿಪ್ ತಂದಾಗ ಅದನ್ನು ಚೀಲಕ್ಕೆ ಹಾಕಿ, ಚೀಲದಲ್ಲಿದ್ದ ಹಳೆಯದನ್ನು ಬಳಕೆಗೆ ತೆಗೆದುಕೊಳ್ಳಿ. ಅಕ್ಕಿ ಡಬ್ಬದಲ್ಲಿ ನಮ್ಮಮ್ಮಂದಿರು ಮಾಡುತ್ತಿದ್ದದ್ದೂ ಇದನ್ನೇ. ಒಂದೆರಡು ದಿನವೂ ತಪ್ಪಬಾರದ ಮಾತ್ರೆಗಳಿವೆ: ಸ್ಟೆಂಟ್ ಹಾಕಿಸಿಕೊಂಡವರ ಕ್ಲೋಪಿಡೋಗ್ರೆಲ್ ಅಥವಾ ಟಿಕಾಗ್ರೆಲಾರ್, ಕೃತಕ ಕವಾಟ ಇರುವವರ ವಾರ್ಫರಿನ್ ಅಥವಾ ಅಸಿಟ್ರಾಮ್, ಮೆಟೊಪ್ರೊಲಾಲ್ ಜಾತಿಯ ಮಾತ್ರೆಗಳು. ಕೊನೆಯದನ್ನು ಥಟ್ಟನೆ ನಿಲ್ಲಿಸಿದರೆ ಹೃದಯಬಡಿತ ಏರಿ ಎದೆನೋವು ಮರುಕಳಿಸಬಹುದು.

ಎದೆನೋವಿಗೆ ಎಂದು ಎರಡು ಮಾತ್ರೆ ಬೇರೆಯಾಗಿ, ಕತ್ತಲಲ್ಲೂ ಕೈಗೆ ಸಿಗುವ ಹಾಗೆ ಇಡಿ. ಒಂದು ಆಸ್ಪಿರಿನ್. ಹೃದಯಾಘಾತದ ಅನುಮಾನ ಬಂದರೆ 300ರಿಂದ 325 ಮಿಲಿಗ್ರಾಂನಷ್ಟನ್ನು ಅಗಿದು ನುಂಗಬೇಕು. ಮನೆಯಲ್ಲಿ 75ರ ಮಾತ್ರೆ ಮಾತ್ರ ಇದ್ದರೆ ನಾಲ್ಕು. ಆಸ್ಪಿರಿನ್ ಅಲರ್ಜಿ ಇರುವವರು, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತಸ್ರಾವ ಆಗುತ್ತಿರುವವರು ತೆಗೆದುಕೊಳ್ಳಬಾರದು. ಬಾಯಿ ಸೊಟ್ಟಗಾಗಿ ಕೈಕಾಲು ಬಲಹೀನವಾದರೆ ಅದು ಪಾರ್ಶ್ವವಾಯು ಇರಬಹುದು, ಆಗಲೂ ಕೊಡಬೇಡಿ. ಇನ್ನೊಂದು, ನಿಮ್ಮ ಡಾಕ್ಟರು ಬರೆದುಕೊಟ್ಟಿದ್ದರೆ ಮಾತ್ರ, ಸಾರ್ಬಿಟ್ರೇಟ್ 5 ಮಿಲಿಗ್ರಾಂ. ಕುಳಿತುಕೊಂಡು ನಾಲಿಗೆಯ ಕೆಳಗೆ ಇಡಬೇಕು. ನಿಂತು ಇಟ್ಟುಕೊಂಡರೆ ಬಿಪಿ ಇಳಿದು ಬೀಳುವ ಸಾಧ್ಯತೆ ಇದೆ. ವಯಾಗ್ರ ಜಾತಿಯ ಮಾತ್ರೆ ಒಂದೆರಡು ದಿನದೊಳಗೆ ತೆಗೆದುಕೊಂಡಿದ್ದರೆ ಇದನ್ನು ಮುಟ್ಟಲೇಬಾರದು. ನಾಚಿಕೆಪಟ್ಟು ಮುಚ್ಚಿಡಬೇಡಿ. ಐದು ನಿಮಿಷದಲ್ಲಿ ನೋವು ಹೋಗದಿದ್ದರೆ, ಅಥವಾ ಅಂಥ ನೋವು ಜೀವನದಲ್ಲೇ ಮೊದಲ ಸಲವಾದರೆ, ಮಳೆ ನಿಲ್ಲಲಿ ಎಂದು ಕಾಯದೆ ಹೊರಡಿ.

ಇನ್ಸುಲಿನ್ ವಿಚಾರಕ್ಕೆ ಬರೋಣ. ಬಳಸುತ್ತಿರುವ ಇನ್ಸುಲಿನ್ ಸಾಮಾನ್ಯವಾಗಿ ಫ್ರಿಜ್ ಇಲ್ಲದೆಯೂ, 25ರಿಂದ 30 ಡಿಗ್ರಿ ಒಳಗೆ, ಸುಮಾರು 28 ದಿನ ಇರುತ್ತದೆ. ಕರೆಂಟ್ ಹೋಯಿತೆಂದು ಗಾಬರಿಯಿಂದ ಎಸೆಯಬೇಡಿ. ಫ್ರಿಜ್ ಬಾಗಿಲು ಪದೇಪದೇ ತೆಗೆಯಬೇಡಿ. ಆಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಒಂದು ಸಣ್ಣ ಮಡಕೆಯಲ್ಲಿಟ್ಟು, ಆ ಮಡಕೆಯನ್ನು ನೀರಿರುವ ದೊಡ್ಡ ಮಡಕೆಯಲ್ಲಿಟ್ಟು ಒದ್ದೆ ಬಟ್ಟೆ ಹೊದಿಸಿ. ಬಳ್ಳಾರಿಯ ಒಣಹವೆಯಲ್ಲಿ ಇದು ಚೆನ್ನಾಗಿ ತಂಪಾಗುತ್ತದೆ, ಇಲ್ಲಿನ ಜಿಗುಟು ಸೆಖೆಯಲ್ಲಿ ಅಷ್ಟಿಲ್ಲ. ಆದರೂ ಇರುವುದರಲ್ಲಿ ಒಳ್ಳೆಯ ಉಪಾಯ. ಐಸ್‌ಗೆ ನೇರವಾಗಿ ತಾಗಿಸಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ಗ್ಲುಕೋಮೀಟರ್, ಬಿಪಿ ನೋಡುವ ಯಂತ್ರ ಎರಡಕ್ಕೂ ಹೆಚ್ಚುವರಿ ಬ್ಯಾಟರಿ ಇರಲಿ.

ಎರಡನೆಯದು ಕಾಗದ. ಇದನ್ನು ಯಾರೂ ಮಾಡುವುದಿಲ್ಲ, ಹಾಗಾಗಿ ಒತ್ತಿ ಹೇಳುತ್ತೇನೆ. ಎಲ್ಲ ರಿಪೋರ್ಟುಗಳೂ ಫೋನಿನಲ್ಲಿವೆ ಅನ್ನುತ್ತೀರಿ. ಮೂರನೆಯ ದಿನ ಫೋನೇ ಸತ್ತಿರುತ್ತದೆ. ಒಂದು ಹಾಳೆಯಲ್ಲಿ ಹೆಸರು, ವಯಸ್ಸು, ಕಾಯಿಲೆ, ಮಾತ್ರೆಗಳ ಮೂಲ ಹೆಸರು ಮತ್ತು ಪ್ರಮಾಣ, ಸ್ಟೆಂಟ್ ಹಾಕಿದ ತಾರೀಕು, ಅಲರ್ಜಿ, ಮನೆಯವರಿಬ್ಬರ ಮತ್ತು ಪಕ್ಕದ ಮನೆಯವರ ಫೋನ್ ನಂಬರ್ ಬರೆಯಿರಿ. ಮಾತ್ರೆಯ ಬ್ರ್ಯಾಂಡ್ ಹೆಸರಷ್ಟೇ ಸಾಲದು, ಊರಿನಲ್ಲಿ ಸಿಗುವ ಬ್ರ್ಯಾಂಡ್ ಇಲ್ಲಿನ ಅಂಗಡಿಯವನಿಗೆ ಗೊತ್ತಿಲ್ಲದಿರಬಹುದು. ಜೊತೆಗೆ ಡಿಸ್ಚಾರ್ಜ್ ಸಮರಿಯ ಜೆರಾಕ್ಸ್, ಪೇಸ್‌ಮೇಕರ್ ಇದ್ದರೆ ಅದರ ಕಾರ್ಡಿನ ಜೆರಾಕ್ಸ್, ಮತ್ತು ಹಳೆಯ ಇಸಿಜಿ. ಹೌದು, ಹಳೆಯ ಇಸಿಜಿ. ಒಮ್ಮೆ ಹೃದಯಾಘಾತ ಆದವರ ಇಸಿಜಿ ಯಾವಾಗಲೂ ಸ್ವಲ್ಪ ಕೆಟ್ಟೇ ಕಾಣುತ್ತದೆ. ಹೋಲಿಸಿ ನೋಡಲು ಹಳೆಯದಿದ್ದರೆ ಇವತ್ತಿನ ತೊಂದರೆ ಹೊಸದೋ ಹಳೆಯದೋ ಎಂದು ಎರಡು ನಿಮಿಷದಲ್ಲಿ ಹೇಳಬಹುದು. ಇಸಿಜಿ ಕಾಗದದ ಗೆರೆ ಕಾಲ ಕಳೆದಂತೆ ಅಳಿಸಿಹೋಗುತ್ತದೆ, ಅದಕ್ಕೇ ಜೆರಾಕ್ಸ್ ಮಾಡಿಸಿ. ಎಲ್ಲವೂ ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿರಲಿ.

ಊರಿನಿಂದ ಬಂದಿರುವ ಅಪ್ಪ ಅಮ್ಮನಿಗೆ ಬಂಗಾಳಿ ಬರುವುದಿಲ್ಲ, ಹಿಂದಿಯೂ ಅಷ್ಟಕ್ಕಷ್ಟೆ. ನೀವು ಆಫೀಸಿನಲ್ಲಿ ಸಿಕ್ಕಿಹಾಕಿಕೊಂಡಿದ್ದರೆ ಅವರು ಯಾರ ಹತ್ತಿರ ಏನೆಂದು ಹೇಳಬೇಕು? ಎರಡು ಮಾತು ಕಲಿಸಿ: ‘ಬುಕೆ ಬ್ಯಾಥಾ’, ಎದೆನೋವು. ‘ಶಾಶ್ ಕೊಷ್ಟೊ’, ಉಸಿರಾಟದ ತೊಂದರೆ. ಎದುರು ಮನೆಯ ಬಾಗಿಲು ತಟ್ಟಿ ಇಷ್ಟು ಹೇಳಿದರೆ ಈ ಊರಿನ ಜನ ಓಡಿ ಬರುತ್ತಾರೆ. ಕುರ್ಚಿ ಹೊತ್ತ ಹುಡುಗರು ಯಾರಂದುಕೊಂಡಿರಿ?

ನೀರು ಒಬ್ಬರಿಗೆ ದಿನಕ್ಕೆ ಕುಡಿಯಲು, ಅಡುಗೆಗೆ ಸೇರಿ ನಾಲ್ಕು ಲೀಟರ್. ನಾಲ್ಕು ಜನರ ಮನೆಗೆ ಮೂರು ದಿನಕ್ಕೆ ಹೆಚ್ಚುಕಡಿಮೆ 50 ಲೀಟರ್. ಅಲಿಪುರದ ಹವಾಮಾನ ಕಚೇರಿ ಎಚ್ಚರಿಕೆ ಕೊಟ್ಟ ದಿನವೇ ತುಂಬಿಡಿ. ಲಿಫ್ಟ್ ನಿಂತ ಮೇಲೆ ಬಕೆಟ್ ಹಿಡಿದು ನಾಲ್ಕು ಮಹಡಿ ಹತ್ತಿ ಎದೆನೋವು ತಂದುಕೊಂಡವರನ್ನು ಅಂಫಾನ್ ನಂತರದ ವಾರದಲ್ಲಿ ನಾನು ಸಾಕಷ್ಟು ನೋಡಿದೆ. ಹೃದಯದ ತೊಂದರೆ ಇರುವವರು ನೀರು ಹೊರಬಾರದು, ಬಿದ್ದ ಮರ ಕಡಿಯಲು ಹೋಗಬಾರದು. ಸಂಪಿಗೆ ಮಳೆನೀರು ನುಗ್ಗಿದ್ದರೆ ಆ ನೀರನ್ನು ಒಂದು ನಿಮಿಷವಾದರೂ ಕೊತಕೊತ ಕುದಿಸದೆ ಕುಡಿಯಬೇಡಿ. ಗ್ಯಾಸ್ ಇಲ್ಲದಿದ್ದರೆ ಕ್ಲೋರಿನ್ ಮಾತ್ರೆ.

ತಿಂಡಿಗೆ ಅವಲಕ್ಕಿ, ಹುರಿಗಡಲೆ, ರಾಗಿ ಹುರಿಹಿಟ್ಟು, ಇಲ್ಲಿನ ಮುರಿ, ಚಾತು ಸಾಕು. ಚಿಪ್ಸು, ಮ್ಯಾಗಿ, ಉಪ್ಪಿನಕಾಯಿ ಹಚ್ಚಿಕೊಂಡು ನಾಲ್ಕು ದಿನ ಕಳೆದರೆ ಹೃದಯ ಬಲಹೀನವಾಗಿರುವವರ ಕಾಲು ಊದಿ, ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆ. ಓಆರ್‌ಎಸ್ ಪೊಟ್ಟಣ ಇರಲಿ, ಭೇದಿಗೆ ಬೇಕು. ಆದರೆ ಅದರಲ್ಲೂ ಉಪ್ಪಿದೆ. ಸೆಖೆ ಎಂದು ಶರಬತ್ತಿನಂತೆ ಕುಡಿಯಬೇಡಿ.

ಟಾರ್ಚ್, ಪವರ್ ಬ್ಯಾಂಕ್, ಬೆಂಕಿಪೊಟ್ಟಣ, ಚಿಲ್ಲರೆ ನೋಟುಗಳು, ಕನ್ನಡಕ, ಪ್ಯಾಡುಗಳು, ಬ್ಯಾಂಡೇಜು ನಿಮಗೇ ಗೊತ್ತು. ಆಮ್ಲಜನಕದ ಯಂತ್ರದ ಮೇಲಿರುವವರು ತುಂಬಿದ ಸಿಲಿಂಡರ್ ಒಂದನ್ನು ಇಟ್ಟುಕೊಳ್ಳಲೇಬೇಕು. ಜನರೇಟರನ್ನು ಬಾಲ್ಕನಿಯಲ್ಲಿ ಓಡಿಸಬೇಡಿ. ವಾಸನೆಯೇ ಇಲ್ಲದ ಅದರ ವಿಷಗಾಳಿ ನಿದ್ದೆಯಲ್ಲೇ ಕೊಲ್ಲುತ್ತದೆ.

ಬರೀ ಚಂಡಮಾರುತದ ಮಾತಲ್ಲ ಇದು. 2025ರ ಸೆಪ್ಟೆಂಬರ್ 23ರಂದು, ದುರ್ಗಾಪೂಜೆಗೆ ಕೆಲವೇ ದಿನ ಮುಂಚೆ, ಒಂದೇ ರಾತ್ರಿಯ ಮಳೆ ನಗರವನ್ನು ಮುಳುಗಿಸಿತು. 24 ಗಂಟೆಗಳಲ್ಲಿ ಸುಮಾರು 250 ಮಿಲಿಮೀಟರ್. ಅಂದು ಸತ್ತವರಲ್ಲಿ ಹೆಚ್ಚಿನವರು ಮುಳುಗಿ ಸತ್ತವರಲ್ಲ, ನಿಂತ ನೀರಿನಲ್ಲಿ ಕರೆಂಟ್ ತಗುಲಿ ಸತ್ತವರು. ರಸ್ತೆಯಲ್ಲಿ ನೀರು ನಿಂತಿದ್ದರೆ ಇಳಿಯಬೇಡಿ, ದೀಪದ ಕಂಬ ಹಿಡಿಯಬೇಡಿ. ಮನೆಯೊಳಗೆ ನೀರು ಬರುವ ಸೂಚನೆ ಕಂಡರೆ, ನೆಲ ಒಣಗಿರುವಾಗಲೇ ಮೇನ್ ಸ್ವಿಚ್ ಆರಿಸಿ. ಶಾಕ್ ಹೊಡೆದವರನ್ನು ಕರೆಂಟ್ ಆರಿಸುವ ತನಕ ಮುಟ್ಟಬೇಡಿ. ಆಮೇಲೆ ಉಸಿರಿಲ್ಲದಿದ್ದರೆ ಒಬ್ಬರು 112ಕ್ಕೆ ಫೋನ್ ಮಾಡಲಿ, ಇನ್ನೊಬ್ಬರು ಎದೆಯ ನಡುವೆ ಎರಡೂ ಕೈಯಿಟ್ಟು, ಎರಡು ಇಂಚು ಆಳಕ್ಕೆ, ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ ಒತ್ತುತ್ತಿರಲಿ.

ಇನ್ನೊಂದು ಕೆಲಸ ಇಂದೇ ಮಾಡಿ. ನಿಮ್ಮ ಮನೆಗೆ ಹತ್ತಿರದಲ್ಲಿ ರಾತ್ರಿ ಹಗಲೂ ಆಂಜಿಯೋಪ್ಲಾಸ್ಟಿ ಮಾಡುವ ಆಸ್ಪತ್ರೆ ಯಾವುದು, ಕೆಳಸೇತುವೆ ತಪ್ಪಿಸಿ ಅಲ್ಲಿಗೆ ಹೋಗುವ ಇನ್ನೊಂದು ದಾರಿ ಯಾವುದು ಎಂದು ವಿಚಾರಿಸಿ ಆ ಹಾಳೆಯಲ್ಲೇ ಬರೆದಿಡಿ.

ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಕ್ಕೆ ಎರಡು ಕಾಲ: ಏಪ್ರಿಲ್‌ನಿಂದ ಜೂನ್, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್. ಐಲಾ, ಅಂಫಾನ್, ಯಾಸ್, ರೆಮಲ್ ನಾಲ್ಕೂ ಬಂದದ್ದು ಮೇ ತಿಂಗಳಲ್ಲೇ. ಹಾಗಾಗಿ ಯುಗಾದಿಗೆ ಮನೆ ಶುಚಿ ಮಾಡುವಾಗ ಒಮ್ಮೆ, ಮಹಾಲಯ ಅಮಾವಾಸ್ಯೆಗೆ ಇನ್ನೊಮ್ಮೆ ಚೀಲ ಬಿಚ್ಚಿ ನೋಡಿ. ಮಾತ್ರೆಯ ಅವಧಿ, ಬ್ಯಾಟರಿ, ಅವಲಕ್ಕಿಗೆ ಹುಳ ಬಿದ್ದಿದೆಯೇ, ಅಪ್ಪನ ಮಾತ್ರೆ ನಡುವೆ ಬದಲಾಗಿದೆಯೇ. ಬದಲಾಗಿದ್ದರೆ ಹಾಳೆಯನ್ನೂ ಹೊಸದಾಗಿ ಬರೆಯಿರಿ.