ಗೋಪ್ಯದ ಮರ್ಯಾದೆ: ಸಾಮಾಜಿಕ ಜಾಲತಾಣಗಳೂ ನಮ್ಮ ಸ್ವಂತ ವಿವರಗಳೂ

ಒಂಬತ್ತು ಸಂಗತಿಗಳನ್ನು ಮನುಷ್ಯನು ಗೋಪ್ಯವಾಗಿ ಕಾಪಾಡಿಕೊಳ್ಳಬೇಕೆಂದು ನಮ್ಮ ಹಿರಿಯರು ವಿಧಿಸಿದ್ದರು. ಆಯುಸ್ಸು, ಸಂಪತ್ತು, ಮನೆಯೊಳಗಿನ ಒಡಕು, ಮಂತ್ರ, ದಾಂಪತ್ಯ, ಔಷಧ, ದಾನ, ಮಾನ, ಅವಮಾನ ಎಂಬಿವೇ ಆ ನವಗೋಪ್ಯಗಳು. ಸಂಸ್ಕೃತ ಪಾಠಶಾಲೆಯಲ್ಲಿ ಈ ಸುಭಾಷಿತವನ್ನು ಕಂಠಪಾಠ ಮಾಡಿದ ಕಾಲಕ್ಕೆ ಅದು ನಮಗೆ ಕೇವಲ ವ್ಯಾಕರಣದ ಅಭ್ಯಾಸವಾಗಿತ್ತು. ಇಂದು ನೆನೆದರೆ ಅದರ ಅರ್ಥ ಬೇರೆಯೇ ಆಗಿ ತೋರುತ್ತದೆ. ಹುಟ್ಟಿದ ದಿನಾಂಕ, ಹೊಸದಾಗಿ ಕೊಂಡ ಹೊಲ, ಅಣ್ಣತಮ್ಮಂದಿರ ಮನಸ್ತಾಪ, ಆಸ್ಪತ್ರೆಯ ಚೀಟಿ, ಕೊಟ್ಟ ದೇಣಿಗೆ, ಹೊದಿಸಿದ ಶಾಲು ಇವೆಲ್ಲವೂ ಇಂದು ಫೇಸ್‌ಬುಕ್ಕಿನಲ್ಲಿ, ವಾಟ್ಸ್‌ಆಪ್ ಸ್ಟೇಟಸ್ಸಿನಲ್ಲಿ ದಿನವೂ ಪ್ರಕಟವಾಗುತ್ತಿವೆ. ಉಳಿದದ್ದು ಮಂತ್ರವೊಂದು. ಈ ಕಾಲದ ಮಂತ್ರವೆಂದರೆ ಪಾಸ್‌ವರ್ಡ್, ಓಟಿಪಿ ಎಂಬ ಗುಪ್ತಸಂಖ್ಯೆಗಳು. ಅದನ್ನೂ ಅಪರಿಚಿತನು ಫೋನಿನಲ್ಲಿ ಕೇಳಿದೊಡನೆ ನಾವು ಉಚ್ಚರಿಸಿಬಿಡುತ್ತೇವೆ.

ಇದು ಪರೋಪದೇಶ ಪಾಂಡಿತ್ಯವಲ್ಲ, ಸ್ವಾನುಭವದ ಮಾತು. ಕೆಲವು ವರ್ಷಗಳ ಹಿಂದೆ, ಸೇವೆಯಲ್ಲಿ ಇಪ್ಪತ್ತೈದು ವರ್ಷ ಪೂರೈಸಿದ ನಿಮಿತ್ತ ನನ್ನನ್ನು ಸನ್ಮಾನಿಸಿದ ಭಾವಚಿತ್ರವನ್ನು ಶಿಷ್ಯರು ಅಭಿಮಾನದಿಂದ ಫೇಸ್‌ಬುಕ್ಕಿಗೆ ಏರಿಸಿದ್ದರು. ಅದರ ಕೆಳಗೆ ನನ್ನ ಹೆಸರು, ಹುದ್ದೆ, ಊರು, ದೂರವಾಣಿ ಸಂಖ್ಯೆ ಇದ್ದವು. ಹಾರೈಸಿದ ನೂರಾರು ಹಳೆಯ ವಿದ್ಯಾರ್ಥಿಗಳ ಹೆಸರುಗಳೂ ಇದ್ದವು. ತಿಂಗಳು ಕಳೆಯುವುದರೊಳಗೆ ಅಫಜಲಪುರದ ಕಡೆಯ ಶಿಷ್ಯನೊಬ್ಬ ಗಾಬರಿಯಿಂದ ಫೋನು ಮಾಡಿ, “ಗುರುಗಳೇ, ಈಗ ಹ್ಯಾಂಗದೀರಿ? ರೊಕ್ಕ ಮುಟ್ಯಾವೇನ್ರಿ?” ಎಂದು ಕೇಳಿದ. ನನ್ನ ಅದೇ ಭಾವಚಿತ್ರವನ್ನಿಟ್ಟು ಯಾರೋ ಇನ್ನೊಂದು ಖಾತೆ ತೆರೆದು, ನಾನು ಆಸ್ಪತ್ರೆಯಲ್ಲಿರುವುದಾಗಿ ಬರೆದು, ಅವನಿಂದ ಎಂಟು ಸಾವಿರ ರೂಪಾಯಿ ತರಿಸಿಕೊಂಡಿದ್ದರು. ಆತ ಒಕ್ಕಲುತನದ ಮನೆಯವನು. ಆ ವರ್ಷ ತೊಗರಿ ಕೈಕೊಟ್ಟಿತ್ತು. ಅಂಥವನು ಗುರುವಿನ ಹೆಸರು ಕೇಳಿ ಮರುಮಾತಾಡದೆ ಕೊಟ್ಟ. ಹಣ ಅವನದು ಹೋಯಿತು. ಆದರೆ ಕಳುವಾದದ್ದು ನಮ್ಮಿಬ್ಬರ ನಡುವಿನ ವಿಶ್ವಾಸ. ಆ ಕಳವಿಗೆ ಬೇಕಾದ ಸಾಮಗ್ರಿಯನ್ನೆಲ್ಲ ಒದಗಿಸಿದವರು ನಾವೇ ಎಂಬುದು ಇಂದಿಗೂ ನನ್ನನ್ನು ನೋಯಿಸುತ್ತದೆ.

ಇದರ ಮರ್ಮವನ್ನು ತಿಳಿಯಬೇಕು. ಬಿಡಿಯಾಗಿ ನೋಡಿದರೆ ಯಾವ ವಿವರವೂ ಅಪಾಯಕರವಲ್ಲ. ಹೆಸರು ಎಲ್ಲರಿಗೂ ಗೊತ್ತು, ಊರು ಎಲ್ಲರಿಗೂ ಗೊತ್ತು. ಆದರೆ ಹೆಸರಿಗೆ ಜನ್ಮದಿನಾಂಕ, ಅದಕ್ಕೆ ದೂರವಾಣಿ ಸಂಖ್ಯೆ, ಅದಕ್ಕೆ ಬಂಧುಗಳ ಹೆಸರು ಕೂಡಿದಾಗ, ಅಕ್ಷರಗಳು ಸೇರಿ ಪದವಾಗುವಂತೆ, ಒಬ್ಬ ಮನುಷ್ಯನ ಪ್ರತಿರೂಪವೇ ಸಿದ್ಧವಾಗುತ್ತದೆ. ಆ ಪ್ರತಿರೂಪ ನಮ್ಮ ಪರವಾಗಿ ಸಾಲ ಕೇಳಬಲ್ಲದು, ಅರ್ಜಿ ಹಾಕಬಲ್ಲದು.

ಅರ್ಜಿಯ ಮಾತು ಉತ್ಪ್ರೇಕ್ಷೆಯಲ್ಲ. ನಮ್ಮ ಆಳಂದದಲ್ಲಿಯೇ ಅದು ನಡೆದುಹೋಗಿದೆ. 2023ರ ವಿಧಾನಸಭಾ ಚುನಾವಣೆಗೆ ಮುಂಚೆ, ಆಳಂದ ಕ್ಷೇತ್ರದ ಮತದಾರರ ಪಟ್ಟಿಯಿಂದ ಹೆಸರುಗಳನ್ನು ತೆಗೆಯಬೇಕೆಂದು ಅಂತರಜಾಲದ ಮೂಲಕ 6,018 ಅರ್ಜಿಗಳು ಬಂದವು. ಸಂಶಯ ಬಂದು ಅಧಿಕಾರಿಗಳು ಒಂದೊಂದನ್ನೂ ಪರಿಶೀಲಿಸಲಾಗಿ, ಸರಿಯಾದವು 24 ಮಾತ್ರ. ಉಳಿದ 5,994 ಅರ್ಜಿಗಳು ತಿರಸ್ಕೃತವಾದವು. 2023ರ ಫೆಬ್ರವರಿ 21ರಂದು ಆಳಂದ ಪೊಲೀಸ್ ಠಾಣೆಯಲ್ಲಿ ಪ್ರಕರಣ ದಾಖಲಾಯಿತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡವನ್ನು ರಚಿಸಿತು. ಅದೇ ತಿಂಗಳು ಚುನಾವಣಾ ಆಯೋಗವು ಇಂಥ ಅರ್ಜಿಗಳಿಗೆ ಆಧಾರ್‌ಗೆ ಜೋಡಿಸಿದ ದೂರವಾಣಿಯ ಮೂಲಕ ದೃಢೀಕರಣವನ್ನು ಅಳವಡಿಸಿತು. ತಪ್ಪಿತಸ್ಥರು ಯಾರೆಂಬುದನ್ನು ನಿರ್ಣಯಿಸುವುದು ನ್ಯಾಯಾಲಯದ ಕೆಲಸ. ಶಾಲೆಯ ಸಂಚಿಕೆಗೆ ರಾಜಕಾರಣದ ಗೋಜೂ ಬೇಡ. ನಾವು ಗ್ರಹಿಸಬೇಕಾದುದು ಇಷ್ಟೆ: ಅರ್ಜಿದಾರರೆಂದು ಹೆಸರು ಬಂದವರಲ್ಲಿ ಕೆಲವರು ತಾವು ಅರ್ಜಿಯನ್ನೇ ಹಾಕಿಲ್ಲವೆಂದರು. ಇದು ಜಾಲತಾಣದಿಂದಲೇ ಆದ ಕೆಡುಕೆಂದು ನಾನು ಹೇಳುತ್ತಿಲ್ಲ. ಆದರೆ ಒಬ್ಬನ ಹೆಸರನ್ನು ಅವನಿಗೆ ತಿಳಿಯದಂತೆ ಇನ್ನೊಬ್ಬನು ಬಳಸಬಹುದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕೆ?

ಹೊರಗಿನ ಪ್ರಪಂಚದಲ್ಲಿಯೂ ಇದೇ ಕಥೆ. 2018ರಲ್ಲಿ ಕೇಂಬ್ರಿಜ್ ಅನಾಲಿಟಿಕಾ ಎಂಬ ಸಂಸ್ಥೆಗೆ ಸುಮಾರು 8 ಕೋಟಿ 70 ಲಕ್ಷ ಜನರ ವಿವರಗಳು ಅಯೋಗ್ಯ ರೀತಿಯಲ್ಲಿ ಸೇರಿರಬಹುದೆಂದು ಫೇಸ್‌ಬುಕ್ ತಾನೇ ಒಪ್ಪಿಕೊಂಡಿತು. ಅವರಲ್ಲಿ ಭಾರತೀಯರು ಐದೂವರೆ ಲಕ್ಷಕ್ಕೂ ಮಿಗಿಲು. ಬಳಕೆದಾರರಲ್ಲಿ ಕೆಲವರು ಒಂದು ರಸಪ್ರಶ್ನೆಗೆ ಉತ್ತರಿಸಿದ್ದರು. ಅವರ ಮೂಲಕ ಅವರ ಸ್ನೇಹಿತರ ವಿವರಗಳೂ ಹೋದವು. ಒಬ್ಬನ ಅಜಾಗ್ರತೆ ಅವನೊಬ್ಬನಿಗೇ ಮುಗಿಯುವುದಿಲ್ಲವೆಂಬುದಕ್ಕೆ ಇದು ಸಾಕ್ಷಿ.

ಗೋಪ್ಯತೆ ಶ್ರೀಮಂತರ ಶೋಕಿಯೆಂದು ಹಲವರ ಭಾವನೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಇಳಿವಯಸ್ಸಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಅವರ ಹೆಸರಿನ ಮೊಕದ್ದಮೆಯಲ್ಲಿಯೇ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ನಮ್ಮ ಶಾಲೆಯ ಕೊನೆಯ ಬೆಂಚಿನ ಬಡ ಹುಡುಗನಿಗೂ ಆ ಹಕ್ಕುಂಟು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ ಬಂದಿತು. 2025ರ ನವೆಂಬರಿನಲ್ಲಿ ಅದರ ನಿಯಮಗಳು ಪ್ರಕಟವಾದವು. ಹದಿನೆಂಟು ತುಂಬದವರೆಲ್ಲರೂ ಅದರ ಪ್ರಕಾರ ಮಕ್ಕಳೇ. ಅವರ ವಿವರಗಳ ಬಳಕೆಗೆ ಪಾಲಕರ ಸಮ್ಮತಿ ಬೇಕೆಂಬುದು ಅದರ ಮುಖ್ಯ ತತ್ತ್ವ.

ಹೀಗಿರುವಾಗ ವಿದ್ಯಾಸಂಸ್ಥೆಯ ಹೊಣೆ ಹಿರಿದು. ಅಧ್ಯಾಪಕ ಮಿತ್ರರು ಫಲಿತಾಂಶದ ಪಟ್ಟಿಯನ್ನು ಜನ್ಮದಿನಾಂಕ, ಜಾತಿ, ಪಾಲಕರ ದೂರವಾಣಿ ಸಂಖ್ಯೆಗಳೊಡನೆ ವಾಟ್ಸ್‌ಆಪ್ ಬಳಗಕ್ಕೆ ಹಾಕುವ ರೂಢಿಯನ್ನು ಕೈಬಿಡಬೇಕು. ಬಾಲಕಿಯರ ಭಾವಚಿತ್ರವನ್ನು ಪಾಲಕರನ್ನು ಕೇಳದೆ ಜಾಲಕ್ಕೆ ಏರಿಸಲಾಗದು. ಚಿತ್ರದಲ್ಲಿನ ಮುಖವನ್ನು ಇನ್ನೊಂದು ದೇಹಕ್ಕೆ ಅಂಟಿಸುವ ಯಂತ್ರಬುದ್ಧಿ ಇಂದು ಅಂಗೈಯಲ್ಲಿಯೇ ಇದೆ. ದಾನಿಗಳ ಹೆಸರನ್ನು ಗೌರವದಿಂದ ಅಚ್ಚಿಸೋಣ; ಅವರ ಮನೆಯ ವಿಳಾಸ, ಬ್ಯಾಂಕಿನ ವಿವರ, ದೂರವಾಣಿ ಸಂಖ್ಯೆಗಳು ಕಚೇರಿಯ ಕಪಾಟಿನಲ್ಲಿಯೇ ಇರಲಿ.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ಬಿನ್ನಹ ನಾಲ್ಕು. ಮೊದಲನೆಯದು, ಫೇಸ್‌ಬುಕ್ಕಿನಲ್ಲಿ ನಿಮ್ಮ ಸ್ನೇಹಿತರ ಪಟ್ಟಿಯನ್ನು ಅನ್ಯರಿಗೆ ಕಾಣದಂತೆ ಮುಚ್ಚಿರಿ. ವಂಚಕನಿಗೆ ಬೇಕಾಗುವುದು ಅದೇ. ಎರಡನೆಯದು, ವಾಟ್ಸ್‌ಆಪಿಗೆ ಎರಡು ಹಂತದ ದೃಢೀಕರಣವನ್ನು ಅಳವಡಿಸಿಕೊಳ್ಳಿರಿ. ಅದು ಬಾಗಿಲಿಗೆ ಎರಡನೆಯ ಚಿಲಕವಿದ್ದಂತೆ. ಮೂರನೆಯದು, ಹುಣ್ಣಿಮೆಗೆ ಕುಟುಂಬಸಮೇತ ಗಾಣಗಾಪುರಕ್ಕೆ ಹೋದವರು ಸಂಗಮದ ದಂಡೆಯಿಂದಲೇ ಚಿತ್ರಗಳನ್ನು ಕಳಿಸಬೇಡಿರಿ. ಜೇವರ್ಗಿಯಲ್ಲಿ ಮನೆಗೆ ಬೀಗ ಬಿದ್ದಿದೆಯೆಂದು ಡಂಗುರ ಸಾರಿದಂತಾಗುತ್ತದೆ. ಮರಳಿ ಬಂದ ಮೇಲೆ ಕಳಿಸಿದರೆ ಪುಣ್ಯವೇನೂ ಕಡಿಮೆಯಾಗದು. ನಾಲ್ಕನೆಯದು, ಗುರುಗಳ ಹೆಸರಿನಲ್ಲಿಯೇ ಆಗಲಿ ಮಠದ ಹೆಸರಿನಲ್ಲಿಯೇ ಆಗಲಿ ಹಣದ ಬೇಡಿಕೆ ಬಂದರೆ, ನಿಮ್ಮಲ್ಲಿ ಮೊದಲೇ ಇರುವ ಸಂಖ್ಯೆಗೆ ಫೋನು ಮಾಡಿ ಧ್ವನಿ ಕೇಳಿ, ಹಳೆಯ ನೆನಪೊಂದನ್ನು ವಿಚಾರಿಸಿರಿ. ಹಾಗೆ ವಿಚಾರಿಸುವುದು ಅವಿನಯವಲ್ಲ. ಮೋಸ ಹೋದವರು ನಾಚಿ ಸುಮ್ಮನಿರದೆ ತತ್‌ಕ್ಷಣ 1930 ಸಂಖ್ಯೆಗೆ ತಿಳಿಸಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಂಭವ ಹೆಚ್ಚು.

ಆ ಶಿಷ್ಯನಿಗೆ ಹಣವನ್ನು ನಾನು ಕೊಡಹೋದೆ, ಅವನು ತೆಗೆದುಕೊಳ್ಳಲಿಲ್ಲ. “ನಿಮಗೇ ಕೊಟ್ಟೀನಂತ ತಿಳ್ಕೋತೀನ್ರಿ” ಎಂದ. ಅಂಥ ವಿಶ್ವಾಸವೇ ಈ ಸಂಸ್ಥೆಯ ನಿಜವಾದ ಆಸ್ತಿ. ಅದನ್ನು ಅನ್ಯರ ಕೈಗೆ ಆಯುಧವಾಗಿ ಕೊಡದಿರುವಷ್ಟು ಎಚ್ಚರ ನಮ್ಮೆಲ್ಲರಲ್ಲಿ ಮೂಡಲೆಂದು ಹಾರೈಸಿ ಲೇಖನಿಯನ್ನು ಕೆಳಗಿಡುತ್ತೇನೆ.